ಅಜ್ಜಿ ಬರೆಸಿದ ಹನ್ನೊಂದು ಜಾಗಗಳು

ಎಂಟನೇ ತರಗತಿಯಿಂದ ನಾನು ಎಲ್ಲವನ್ನೂ ಎಣಿಸಿ ಬರೆದಿಡುತ್ತೇನೆ. ಆಶ್ರಮ ಶಾಲೆಯಲ್ಲಿದ್ದಾಗ ವಾರಕ್ಕೆ ಎಷ್ಟು ಸಲ ಅನ್ನ, ಎಷ್ಟು ಸಲ ಮುದ್ದೆ ಎಂದು ಬರೆಯುವುದರಿಂದ ಅದು ಶುರುವಾಯಿತು. ಡಿಗ್ರಿ ಮುಗಿಸಿ ಅಂತರಸಂತೆಯ ಆಚೆ ಕಾಡಂಚಿನಲ್ಲಿರುವ ನಮ್ಮ ಹಾಡಿಗೆ ವಾಪಸು ಬಂದ ಮೇಲೂ ಬಿಡಲಿಲ್ಲ. ಮನೆಯಲ್ಲಿ ಕಾಡಿನ ಸೊಪ್ಪೋ ಗೆಣಸೋ ಬೆಂದ ದಿನ ಪುಟದ ಎಡಗಡೆ ಒಂದು ಗೀಟು, ರೇಷನ್ ಅಕ್ಕಿ ಮಾತ್ರ ಬೆಂದ ದಿನ ಬಲಗಡೆ ಒಂದು ಗೀಟು. ಎಡಗಡೆಯ ಗೀಟುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಹೀಗೊಂದು ಲೆಕ್ಕ ಇಟ್ಟವರು ಹಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಮೈಸೂರಿನ ಒಂದು ಸಂಸ್ಥೆಯವರು ಹಾಡಿಯ ಊಟದ ಪುಸ್ತಕ ಬರೆಯಲು ಒಬ್ಬರು ಬೇಕು ಎಂದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದರು.

ಅದು ಜೂನ್ ತಿಂಗಳ ಎರಡನೆಯ ಸೋಮವಾರ. ಸಂಸ್ಥೆಯಿಂದ ಬಂದವರು ಮೂವತ್ತರ ಆಸುಪಾಸಿನ ಒಬ್ಬ ಗಂಡಸು. ನಾವು ಅವರನ್ನು ಸಾರ್ ಎನ್ನುತ್ತಿದ್ದೆವು. ಡಿಸೆಂಬರಿನಲ್ಲಿ ಹುಣಸೂರಿನಲ್ಲಿ ದೊಡ್ಡ ಸಭೆ ಇದೆ, ಬೇರೆ ಬೇರೆ ದೇಶಗಳ ಕಾಡಿನ ಜನ, ಬೆಟ್ಟದ ಜನ ಬರುತ್ತಾರೆ, ತಮ್ಮ ಊಟವನ್ನು ತಾವೇ ಹೇಗೆ ಉಳಿಸಿಕೊಂಡಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ ಎಂದರು. ಪ್ರತಿ ಹಾಡಿಯೂ ತನ್ನ ಪುಸ್ತಕವನ್ನು ತಾನೇ ಬರೆಯಬೇಕು. ಏನು ತಿನ್ನುತ್ತೇವೆ, ಯಾವ ತಿಂಗಳಲ್ಲಿ, ಹೇಗೆ ಬೇಯಿಸುತ್ತೇವೆ, ಎಲ್ಲಿ ಸಿಗುತ್ತದೆ. ಆ ಪುಸ್ತಕವಿದ್ದರೆ ಅಂಗನವಾಡಿಗೆ ನಮ್ಮ ಸೊಪ್ಪು, ರಾಗಿ ಕೇಳಬಹುದು, ಗುಡ್ಡಕ್ಕೆ ಹೋಗಿ ಗೆಣಸು ತರುವುದು ನಮ್ಮ ಹಕ್ಕು ಎಂದು ಅರ್ಜಿ ಹಾಕಬಹುದು. ನನಗೆ ಎರಡು ದಪ್ಪ ನೋಟ್‌ಬುಕ್ ಕೊಟ್ಟು ಹೋದರು.

ನಾನು ಹುರುಪಿನಿಂದ ಕೂತೆ. ಸೆಪ್ಟೆಂಬರಿನೊಳಗೆ ಮೂವತ್ತನಾಲ್ಕು ಸೊಪ್ಪು, ಒಂಬತ್ತು ಅಣಬೆ, ಏಳು ಗೆಣಸು ಬರೆದು ಮುಗಿದಿದ್ದವು. ಹೆಚ್ಚಿನದನ್ನು ಹೇಳಿದವಳು ನನ್ನ ಅಜ್ಜಿ, ಅವ್ವನ ತಾಯಿ. ಹಾಡಿಯಲ್ಲಿ ಗೆಣಸಿನ ವಿಷಯಕ್ಕೆ ಅವಳ ಮಾತೇ ಕೊನೆ. ಸೊಪ್ಪಿನ ಹೆಸರುಗಳನ್ನು ಒಂದೇ ಮಧ್ಯಾಹ್ನ ಸರಸರನೆ ಹೇಳಿದ ಅಜ್ಜಿ, ಗೆಣಸು ಸಿಗುವ ಜಾಗಗಳನ್ನು ಮಾತ್ರ ವಾರಕ್ಕೊಂದರಂತೆ ಬರೆಸಿದಳು. ಒಲೆಯ ಮುಂದೆ ಕೂತು, ಕಣ್ಣು ಮುಚ್ಚಿ, ನಡೆದು ಹೋಗುತ್ತಿರುವವಳ ಹಾಗೆ.

"ಬರ್ಕೊ ಕೂಸೇ. ದೊಡ್ಡ ತಾರೆ ಮರ ಐತಲ್ಲ, ಅದ್ರ ಮೂಡ್ಲ ಕಡೀಕೆ ಅತ್ತು ಎಜ್ಜೆ. ಅಲ್ಲೊಂದು ಹುತ್ತ ಐತೆ. ಹುತ್ತದ ಬೆನ್ನಿಗೆ ನೂರೆ ಗೆಣಸು."

"ಎಷ್ಟು ಬಳ್ಳಿ ಅಜ್ಜಿ?"

"ನಾಕು."

"ಬೆಳಿಗ್ಗೆ ನೀನು ಮೂರು ಅಂದೆ."

"ಮೂರು ಅಂದಿದ್ರೆ ಮೂರೇ ಬರ್ಕೊ. ನಾಕು ಸಿಕ್ಕಿದ್ರೆ ನಿಂಗೇ ಲಾಭ ಅಲ್ವಾ."

ಪಕ್ಕದ ಮನೆಯ ಚಿಕ್ಕವ್ವ, ಎಂದರೆ ಅವ್ವನ ತಂಗಿ, ಬಾಗಿಲಲ್ಲಿ ನಿಂತು ನಕ್ಕಳು. ಅವಳು ಯಾಕೆ ನಕ್ಕಳೆಂದು ನಾನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಿತ್ತು.

ಹೀಗೆ ಹನ್ನೊಂದು ಜಾಗಗಳಾದವು. ಮರ, ದಿಕ್ಕು, ಹೆಜ್ಜೆ, ಬಳ್ಳಿಗಳ ಸಂಖ್ಯೆ. ಒಂದೊಂದಕ್ಕೂ ಒಂದು ಪುಟ, ಪುಟಕ್ಕೊಂದು ಚಿತ್ರ. ಜೊತೆಗೆ ನಮ್ಮ ಕಟ್ಟುಪಾಡನ್ನೂ ಬರೆದೆ. ಗೆಣಸು ಅಗೆಯುವಾಗ ಬಳ್ಳಿ ಸೇರುವ ತಲೆಯ ಭಾಗವನ್ನು ನಾವು ತಿನ್ನುವುದಿಲ್ಲ. ನಾಲ್ಕು ಬೆರಳಷ್ಟನ್ನು ಮುರಿದು, ಬಳ್ಳಿಯ ಸಮೇತ ಅದೇ ಗುಂಡಿಯಲ್ಲಿಟ್ಟು, ಮಣ್ಣು ಮುಚ್ಚಿ ಕಾಲಿನಿಂದ ಅದುಮುತ್ತೇವೆ. ಮುಂದಿನ ಮಳೆಗೆ ಅದೇ ತಲೆ ಚಿಗುರುತ್ತದೆ. ಗುಂಡಿಯನ್ನು ಹಾಗೇ ಬಿಟ್ಟು ಬಂದವರನ್ನು ಇನ್ನೊಂದು ಸಲ ಯಾರೂ ಜೊತೆಗೆ ಕರೆಯುವುದಿಲ್ಲ.

ಸೆಪ್ಟೆಂಬರ್ ಕೊನೆಯ ಗುರುವಾರ ಸಾರ್ ಫೋನ್ ಮಾಡಿದರು. "ಸೊಪ್ಪಿನ ಪುಟಗಳು ಆಮೇಲೆ ಕಳಿಸಿ ಪರವಾಗಿಲ್ಲ. ಜಾಗದ ಪುಟಗಳ ಫೋಟೋ ತೆಗೆದು ಇವತ್ತೇ ಹಾಕಿಬಿಡಿ. ಕಂಪ್ಯೂಟರಿನಲ್ಲಿ ನಕ್ಷೆ ಮಾಡಬೇಕು." ಬೆಳಿಗ್ಗೆ ಹತ್ತೂ ನಲವತ್ತಕ್ಕೆ, ನೆಟ್‌ವರ್ಕ್ ಸಿಗುವ ನೀರಿನ ಟ್ಯಾಂಕಿನ ಹತ್ತಿರ ನಿಂತು, ಹನ್ನೊಂದು ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಸಾರ್ ನೋಡಿದ್ದಾರೆ ಎಂದು ಹನ್ನೊಂದಕ್ಕೂ ನೀಲಿ ಗೆರೆ ಬಿತ್ತು.

ಅನುಮಾನ ಹುಟ್ಟಿದ್ದು ಆಮೇಲೆ. ಸಾರ್ ಬಂದುಹೋದ ದಿನಗಳ ಟಿಪ್ಪಣಿ ನನ್ನ ಹತ್ತಿರ ಇತ್ತಲ್ಲ, ಅವರು ಕೇಳಿದ ಪ್ರಶ್ನೆಗಳನ್ನು ಒಂದು ಸಂಜೆ ಬಿಡಿಸಿ ನೋಡಿದೆ. 'ಹೇಗೆ ಬೇಯಿಸುತ್ತೀರಿ' ಎಂದು ಮೂರು ಸಲ. 'ಯಾವಾಗ' ಎಂದು ಐದು ಸಲ. 'ಎಲ್ಲಿ' ಎಂದು ಹದಿನಾಲ್ಕು ಸಲ. ನಮ್ಮ ಊಟದ ಪುಸ್ತಕಕ್ಕೆ ಅಷ್ಟೊಂದು 'ಎಲ್ಲಿ' ಯಾಕೆ ಬೇಕು ಎಂದು ಆ ಪುಟದ ಕೆಳಗೆ ಬರೆದೆ. ಸಾರ್ ಒಂದು ಸಲವೂ ನಮ್ಮ ಮನೆಯಲ್ಲಿ ಗೆಣಸು ತಿಂದಿರಲಿಲ್ಲ ಎಂಬುದೂ ಆಗಲೇ ಕಣ್ಣಿಗೆ ಬಿತ್ತು. ನಾಲ್ಕು ಸಲ ಬಂದಿದ್ದರು, ನಾಲ್ಕು ಸಲವೂ ಟೀ ಮಾತ್ರ.

ಅಕ್ಟೋಬರಿನಲ್ಲಿ ಒಂದು ದಿನ ಅಜ್ಜಿ, ನಾನು ಕೇಳದೆಯೇ, ಮಾಕಳಿ ಬೇರಿನ ಸಂಗತಿ ತೆಗೆದಳು. ಮಾಕಳಿ ಬೇರನ್ನು ಉಪ್ಪಿನಕಾಯಿಗೆ ಹಾಕುತ್ತಾರೆ, ಅದರ ವಾಸನೆ ಬಾಯಲ್ಲಿ ಇಡೀ ದಿನ ಉಳಿಯುತ್ತದೆ. ಅವ್ವ ಚಿಕ್ಕವಳಿದ್ದಾಗ ಒಬ್ಬ ಮನುಷ್ಯ ಬಂದಿದ್ದನಂತೆ. ಒಳ್ಳೆಯ ಮಾತು, ಕೈಯಲ್ಲಿ ಒಂದು ಪುಸ್ತಕ. ಮೂರು ದಿನ ಹಾಡಿಯಲ್ಲೇ ಇದ್ದು ಅಜ್ಜಿಯ ಜೊತೆ ಗುಡ್ಡವೆಲ್ಲ ತಿರುಗಿದ.

"ಪಾಪ, ದೊಡ್ಡ ಓದಿರೋನು, ತಿಳ್ಕೊಳ್ಳಿ ಅಂತ ನಾನೇ ತೋರಿಸ್ದೆ ಕಣ. ಇಲ್ಲೈತೆ ಸಾಮಿ, ಅಲ್ಲೈತೆ ಸಾಮಿ ಅಂತ. ಬರ್ಕೊಂಡ. ಬರೋ ವರ್ಸ ಅವನು ಬರ್ನಿಲ್ಲ. ಬ್ಯಾರೆಯೋರು ಚೀಲ ತಕ್ಕೊಂಡು ಬಂದ್ರು. ನಾನು ಎಲ್ಲೆಲ್ಲಿ ನಿಂತಿದ್ನೋ ಅಲ್ಲೆಲ್ಲ ಗುಂಡಿ. ಒಂದನ್ನೂ ಮುಚ್ಚಿರ್ನಿಲ್ಲ."

"ಆಮೇಲೆ?"

"ಆಮೇಲೇನು. ನೀನು ಮಾಕಳಿ ಬೇರಿನ ಉಪ್ಪಿನಕಾಯಿ ನಮ್ಮನೇಲಿ ತಿಂದಿದ್ದೀಯಾ? ಇಲ್ಲ ಅಲ್ವಾ. ಅದೇ ಆಮೇಲೆ."

ಆ ರಾತ್ರಿ ಫೋನ್ ತೆಗೆದು ಕಳಿಸಿದ್ದನ್ನು ಮತ್ತೆ ಮತ್ತೆ ನೋಡಿದೆ. ಹನ್ನೊಂದು ನೀಲಿ ಗೆರೆಗಳೇ ಕಣ್ಣ ಮುಂದೆ. ಅಜ್ಜಿಗೆ ಹೇಳುವ ಧೈರ್ಯ ಬರಲಿಲ್ಲ.

ನವೆಂಬರಿನಲ್ಲಿ ಮಳೆ ನಿಂತು ಗೆಣಸಿನ ಬಳ್ಳಿಗಳು ಒಣಗತೊಡಗಿದವು, ಅಗೆಯುವ ಕಾಲ. ನಾನು ಜಾಗಗಳನ್ನು ಕಣ್ಣಾರೆ ನೋಡಿ ಬರಬೇಕು ಎಂದುಕೊಂಡೆ. ಯಾರಾದರೂ ಬಂದುಹೋಗಿದ್ದರೆ ಗೊತ್ತಾಗುತ್ತದೆ, ಬಂದಿರದಿದ್ದರೆ ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಬಹುದು. ಚಿಕ್ಕವ್ವ ಸೌದೆಗೆ ಹೊರಟ ದಿನ ಅವಳ ಜೊತೆ ಹೋದೆ. ದೊಡ್ಡ ತಾರೆ ಮರ ಸಿಕ್ಕಿತು. ಪೂರ್ವಕ್ಕೆ ಹತ್ತು ಹೆಜ್ಜೆ ಇಟ್ಟೆ. ಹುತ್ತವೂ ಇತ್ತು. ಹುತ್ತದ ಹಿಂದೆ ಬಳ್ಳಿ ಇರಲಿಲ್ಲ.

ಎರಡನೆಯ ಜಾಗಕ್ಕೆ ಹೋದೆ. ಬಿದಿರು ಮೆಳೆ ಇತ್ತು, ಬಳ್ಳಿ ಇರಲಿಲ್ಲ. ಮೂರನೆಯದು, ನಾಲ್ಕನೆಯದು. ಎರಡು ಸೌದೆ ಹೊರೆಗಳ ನಡುವೆ ಆರು ಜಾಗ ನೋಡಿದೆ, ಆರರಲ್ಲೂ ಗೆಣಸಿನ ಬಳ್ಳಿಯ ಒಂದು ಒಣ ಎಲೆಯೂ ಇಲ್ಲ.

"ಚಿಕ್ಕವ್ವ, ಯಾರೋ ಎಲ್ಲಾ ಕಿತ್ಕೊಂಡು ಹೋಗಿದ್ದಾರೆ. ಆ ಸಾರ್‌ದೇ ಕೆಲಸ."

ಚಿಕ್ಕವ್ವ ಸೌದೆ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಕಿತ್ಕೊಂಡು ಓಗಿದ್ರೆ ಗುಂಡಿ ಎಲ್ಲಿ?"

ಆಗ ಹಿಂದಿರುಗಿ ಒಂದೊಂದು ಜಾಗದ ನೆಲವನ್ನೂ ನೋಡಿದೆ. ಹುಲ್ಲು ಹಾಗೇ ಇತ್ತು. ಹುತ್ತದ ಬುಡದ ಹಳೆಯ ತರಗೆಲೆ ಕೂಡ ಕದಲಿರಲಿಲ್ಲ. ಆರು ಜಾಗದಲ್ಲೂ ಈ ವರ್ಷವಾಗಲಿ ಹೋದ ವರ್ಷವಾಗಲಿ ಯಾರೂ ಅಗೆಯುವ ಕೋಲು ಹಾಕಿದ ಗುರುತಿರಲಿಲ್ಲ. ಚಿಕ್ಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಈ ಸಲ ಬರೆದುಕೊಂಡೆ: ಚಿಕ್ಕವ್ವನಿಗೆ ಗೊತ್ತಿದೆ.

ನಾನು ಮನೆಗೆ ಬಂದಾಗ ಅಜ್ಜಿ ಅಂಗಳದಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು.

"ಅಲ್ಲೇನೂ ಇಲ್ಲ ಅಜ್ಜಿ. ಆರು ಜಾಗ ನೋಡಿ ಬಂದೆ."

"ಉಳಿದ ಐದೂ ಅಂಗೇ. ಸುಮ್ಕೆ ಕಾಲು ನೋಯಿಸ್ಕೋಬೇಡ."

"ನಂಗೆ ಸುಳ್ಳು ಬರೆಸಿದ್ದೀಯ."

"ನೀನು ಬರೀತೀಯಲ್ಲ, ಅದಕ್ಕೆ."

"ನಾನು ನಿನ್ನ ಮೊಮ್ಮಗಳು."

"ನೀನು ಮೊಮ್ಮಗಳೇ ಕಣ. ಪುಸ್ತಕ ಯಾರ ಮೊಮ್ಮಗಳು?" ಮೊರವನ್ನು ಒಂದು ಸಲ ಜೋರಾಗಿ ಎತ್ತಿ ಹಾಕಿದಳು, ಹೊಟ್ಟು ನನ್ನ ಕಡೆ ಹಾರಿತು. "ಯಾರಿಗಾದ್ರೂ ತೋರ್ಸಿದ್ದೀಯಾ?"

ಇನ್ನು ಮುಚ್ಚಿಡಲು ಆಗಲಿಲ್ಲ. "ಸಾರ್‌ಗೆ ಕಳ್ಸಿದ್ದೀನಿ. ಹನ್ನೊಂದೂ ಪುಟ."

ಬೈಯುತ್ತಾಳೆ ಎಂದುಕೊಂಡೆ. ಅಜ್ಜಿ ಮೊರದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಹೊರಗೆ ಹಾಕಿದಳು. "ಒಳ್ಳೇದಾಯ್ತು ಬುಡು. ಅವು ಸುಳ್ಳು ಅಂತ ಮಾತ್ರ ಯಾರ ತಾವೂ ಬಾಯಿ ಬುಡಬೇಡ."

ನನಗೆ ತುಂಬಾ ಸಿಟ್ಟು ಬಂದಿತ್ತು. ಕಳ್ಳರ ಮೇಲೆ ಅನುಮಾನಪಡುತ್ತಾ ಕಾಡು ಸುತ್ತಿದ ನನ್ನ ಮೇಲೇ ಮೊದಲ ದಿನದಿಂದ ಅನುಮಾನವಿತ್ತು. ಒಂಬತ್ತು ದಿನ ಅಜ್ಜಿಯ ಜೊತೆ ಬೇಕಾದಷ್ಟೇ ಮಾತಾಡಿದೆ. ಆ ಒಂಬತ್ತು ದಿನಗಳಲ್ಲಿ ಅವಳು ಬರೆಸಿದ್ದೆಲ್ಲವನ್ನೂ ಮತ್ತೆ ಪರೀಕ್ಷಿಸಿದೆ. ಮೂವತ್ತನಾಲ್ಕು ಸೊಪ್ಪಿನ ಹೆಸರುಗಳನ್ನು ಮೂರು ಮನೆಗಳಲ್ಲಿ ಬೇರೆ ಬೇರೆಯಾಗಿ ಕೇಳಿದೆ. ಎಲ್ಲವೂ ಸರಿಯಿದ್ದವು. ಬೇಯಿಸುವ ಬಗೆ, ಕಹಿ ತೆಗೆಯುವ ಬಗೆ, ತಿಂಗಳುಗಳು, ಎಲ್ಲವೂ ಸರಿ. ಸುಳ್ಳು ಇದ್ದದ್ದು ಹನ್ನೊಂದು ಪುಟಗಳಲ್ಲಿ ಮಾತ್ರ. ಅಷ್ಟು ಸುಳ್ಳನ್ನು, ಹೆಜ್ಜೆಗಳ ಲೆಕ್ಕದ ಸಮೇತ, ಆ ಒಂದು ಬಳ್ಳಿಯ ಎಣಿಕೆ ಬಿಟ್ಟರೆ ಎಲ್ಲೂ ಎಡವದೆ ಹೇಳಬೇಕಾದರೆ ಅವಳು ನನಗಿಂತ ಶಿಸ್ತಿನವಳು ಎಂದು ಹತ್ತನೆಯ ದಿನ ಒಪ್ಪಿಕೊಂಡೆ.

ಹುಣಸೂರಿನ ಸಭೆಗೆ ಹೋಗುವ ಹಿಂದಿನ ದಿನ ಅಜ್ಜಿ ಮತ್ತು ಚಿಕ್ಕವ್ವ ನನಗೆ ಹೇಳದೆ ಗುಡ್ಡಕ್ಕೆ ಹೋಗಿ ಒಂದು ಕುಕ್ಕೆ ತುಂಬ ನೂರೆ ಗೆಣಸು ತಂದರು. ಸಭೆಯಲ್ಲಿ ನೆಡುವ ಬಗೆ ತೋರಿಸಲೆಂದು ಒಂದನ್ನು ಮಾತ್ರ ತಲೆಯ ಸಮೇತ ತಂದಿದ್ದರು. ಗೆಣಸಿಗೆ ಅಂಟಿದ್ದ ಮಣ್ಣು ಕೆಂಪು. ನಾನು ನೋಡಿ ಬಂದ ಆರು ಜಾಗಗಳಲ್ಲೂ ಮಣ್ಣು ಕಪ್ಪು. ನಾನು ಮಣ್ಣನ್ನು ನೋಡುತ್ತಿದ್ದದ್ದನ್ನು ಅಜ್ಜಿ ನೋಡಿದಳು, ಕುಕ್ಕೆಯ ಮೇಲೆ ಗೋಣಿ ಹೊದಿಸಿದಳು.

ಮರುದಿನ ನಮ್ಮ ತಾಲ್ಲೂಕು ಕೇಂದ್ರವಾದ ಕೋಟೆಗೆ ಹೋಗಿ ಅಲ್ಲಿಂದ ಹುಣಸೂರಿನ ಬಸ್ ಹಿಡಿದೆವು. ಸಭೆಯ ಕಲ್ಯಾಣ ಮಂಟಪದಲ್ಲಿ ಪಿರಿಯಾಪಟ್ಟಣದ ಕಡೆಯ ಹಾಡಿಗಳ ಹೆಂಗಸರು ಆಗಲೇ ಕಂಪಲಾಪುರದ ಮೇಲೆ ವ್ಯಾನಿನಲ್ಲಿ ಬಂದಿದ್ದರು. ಅಡುಗೆಮನೆಯಲ್ಲಿ ಎಲ್ಲರೂ ಸೇರಿ ಬೇಯಿಸುವುದೆಂದು ಮಾತಾಗಿತ್ತು. ಹೊರದೇಶದಿಂದ ಬಂದವರಲ್ಲಿ ಪೆರು ದೇಶದ ಬೆಟ್ಟದ ಜನರ ಪೈಕಿ ಒಬ್ಬಳು ಅಜ್ಜಿಯ ವಯಸ್ಸಿನವಳಿದ್ದಳು. ಎರಡು ಜಡೆ, ಬಣ್ಣದ ಶಾಲು. ಅವಳ ಮಾತು ಇಬ್ಬರ ಬಾಯಿ ದಾಟಿ ನಮ್ಮ ಕನ್ನಡಕ್ಕೆ ಬರಬೇಕಿತ್ತು. ಅವರ ಕಡೆ ಆಲೂಗಡ್ಡೆಯಲ್ಲಿ ನೂರಾರು ಬಗೆ ಇವೆಯಂತೆ, ಬೀಜವನ್ನು ಹೆಂಗಸರೇ ಕಾಯುತ್ತಾರಂತೆ.

ಅವಳು ಬಂದು ಅಜ್ಜಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು, ಕುಕ್ಕೆಯಿಂದ ಒಂದು ಗೆಣಸು ತೆಗೆದು ಮೂಸಿದಳು, ಇನ್ನೊಂದನ್ನು ತೆಗೆದಳು. ಅದು ತಲೆಯಿದ್ದ ಗೆಣಸು. ಚಾಕುವಿನಿಂದ ತಲೆಯನ್ನು ಕತ್ತರಿಸಿ, ಅತ್ತಿತ್ತ ನೋಡಿ, ಶಾಲಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ನಾನು ಬರೆದೆ: ಬೆಳಿಗ್ಗೆ ೧೧.೨೦, ತಲೆ ಕದ್ದಳು. ಅಜ್ಜಿಯ ಕಿವಿಯಲ್ಲೂ ಹೇಳಿದೆ.

"ನೋಡ್ದೆ," ಎಂದಳು ಅಜ್ಜಿ. "ನೀನು ಸುಮ್ಕಿರು. ಏನು ಮಾಡ್ತಾಳೆ ನೋಡವ."

ಊಟವಾಗುವವರೆಗೂ ಆ ಗಂಟಿನಿಂದ ನಾನು ಕಣ್ಣು ತೆಗೆಯಲಿಲ್ಲ. ಎಲೆ ಎತ್ತಿದ ಮೇಲೆ ಅವಳು ಎದ್ದು ಬಂದಳು. ಶಾಲಿನ ಗಂಟು ಬಿಚ್ಚಿ, ಗೆಣಸಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಯ ಮಡಿಲಿಗೆ ಹಾಕಿದಳು. ಯಾರೂ ಅದನ್ನು ಅನುವಾದ ಮಾಡಬೇಕಾಗಲಿಲ್ಲ. ಅಷ್ಟು ಜನ ಹೆಂಗಸರು ತರಕಾರಿ ಹೆಚ್ಚುವ ಕಡೆ ಅದು ಸಿಪ್ಪೆಯ ಜೊತೆ ಹೋಗಿಬಿಡುತ್ತದೆ ಎಂದು ಎತ್ತಿಟ್ಟಿದ್ದಳು. ಅಜ್ಜಿ ಅವಳ ಕೆನ್ನೆ ಮುಟ್ಟಿ ನೆಟಿಕೆ ತೆಗೆದಳು. ನಾನು ಹೊಡೆದುಹಾಕಿದ ಆ ಸಾಲು ಈಗಲೂ ಪುಸ್ತಕದಲ್ಲಿ ಓದುವ ಹಾಗೇ ಇದೆ.

ಮಧ್ಯಾಹ್ನ ಒಬ್ಬೊಬ್ಬರೂ ತಮ್ಮ ತಮ್ಮ ಪುಸ್ತಕ ತೋರಿಸಿದರು. ಪೆರುವಿನ ಅಜ್ಜಿಯ ಪುಸ್ತಕದಲ್ಲಿ ಚಿತ್ರಗಳಿದ್ದವು, ಹೆಸರುಗಳಿದ್ದವು, ಯಾವ ಹಬ್ಬಕ್ಕೆ ಯಾವ ಗಡ್ಡೆ ಎಂದು ಇತ್ತು. ನಾನು ಹಾಳೆ ತಿರುವಿ ತಿರುವಿ ಹುಡುಕಿದೆ. ಎಲ್ಲಿ ಎಂಬುದು ಒಂದು ಪುಟದಲ್ಲೂ ಇರಲಿಲ್ಲ. ಅನುವಾದಕರ ಮೂಲಕ ಕೇಳಿಸಿದೆ. ಉತ್ತರ ಇಬ್ಬರನ್ನು ದಾಟಿ ಬಂತು: ಅದು ಊರಿನ ನಾಲ್ಕು ಮುದುಕಿಯರ ಹತ್ತಿರ ಇದೆ, ಅದನ್ನು ಬರೆಯುವುದಿಲ್ಲ.

ನಮ್ಮ ಸರದಿ ಬಂತು. ಸಾರ್ ಮೈಕಿನ ಪಕ್ಕದಲ್ಲಿ ನಿಂತಿದ್ದರು. ಸೊಪ್ಪು, ಅಣಬೆ, ಗೆಣಸು, ಬೇಯಿಸುವ ಬಗೆ, ತಲೆ ಹೂಳುವ ಕಟ್ಟುಪಾಡು, ಎಲ್ಲವನ್ನೂ ಓದಿ ಪುಸ್ತಕ ಮುಚ್ಚಿದೆ.

"ಜಾಗದ ಪುಟಗಳನ್ನೂ ಓದಿ," ಎಂದರು ಸಾರ್.

"ಹಳ್ಳದಿಂದ ಹಿನ್ನೀರಿನವರೆಗೆ ಇಡೀ ಗುಡ್ಡ ಅಂತ ಬರ್ಕೊಳ್ಳಿ ಸಾರ್." ಅದು ಹಿಂದಿನ ಸಂಜೆ ಅಜ್ಜಿ ಹೇಳಿಕೊಟ್ಟ ಮಾತು.

"ಹಾಗಂದ್ರೆ ಅರ್ಜಿಗೆ ಬಲ ಬರಲ್ಲ. ಪಾಯಿಂಟ್ ತೋರಿಸಬೇಕಾಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅವರು ಹೇಳಿದ್ದರಲ್ಲಿ ನಿಜವೂ ಇರಬಹುದು. ನನಗೆ ಇವತ್ತಿಗೂ ಖಚಿತವಿಲ್ಲ. "ಅದು ಅಜ್ಜಿ ಹತ್ರ ಇದೆ ಸಾರ್," ಎಂದೆ.

ಸಾರ್ ನಕ್ಕರು. "ನನ್ನ ಫೋನಿನಲ್ಲೂ ಇದೆಯಲ್ಲ, ಪರವಾಗಿಲ್ಲ ಬಿಡಿ."

ಅವು ಸುಳ್ಳು ಎಂದು ಹೇಳಲು ನನ್ನ ಬಾಯಿ ತೆರೆದಿತ್ತು. ಕೆಳಗೆ ಕೂತಿದ್ದ ಅಜ್ಜಿ ತನ್ನ ತುಟಿಗಳನ್ನು ಒಳಗೆಳೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿ ವೇದಿಕೆ ಇಳಿದೆ.

ಜನವರಿಯ ಮೂರನೆಯ ಬುಧವಾರ ಚಿಕ್ಕವ್ವ ಸೌದೆ ಇಲ್ಲದೆ ಬರಿಗೈಯಲ್ಲಿ ಬಂದಳು. "ಬಾ ಕೂಸೇ. ನಿನ್ನ ಮೂರ್ನೇ ಪುಟ ನೋಡೀವಂತೆ."

ಅಜ್ಜಿಯೂ ಕೋಲು ಹಿಡಿದು ಬಂದಳು. ಮೂರನೆಯ ಪುಟದಲ್ಲಿ ಜೋಡಿ ಮತ್ತಿ ಮರ ಇದೆ, ದಕ್ಷಿಣಕ್ಕೆ ಹದಿನೈದು ಹೆಜ್ಜೆ, ಒಂದು ಬಂಡೆ. ಬಂಡೆಯ ಬುಡದಲ್ಲಿ ಸೊಂಟದಷ್ಟು ಆಳದ ಗುಂಡಿ ಇತ್ತು. ಅಗೆದ ಮಣ್ಣನ್ನು ಸುತ್ತ ಎಸೆದಿದ್ದರು. ಒಂದು ಕಡೆ ಸಿಗಲಿಲ್ಲವೆಂದು ಮೂರು ಕಡೆಗೆ ಅಗಲಿಸಿದ್ದರು. ಹೊತ್ತು ಮುಳುಗುವುದರೊಳಗೆ ಹನ್ನೊಂದನ್ನೂ ನೋಡಿದೆವು. ಒಂದು, ಮೂರು, ನಾಲ್ಕು, ಏಳು, ಎಂಟು. ಐದು ಗುಂಡಿಗಳು. ಐದೂ ಹೆಜ್ಜೆಗಳ ಲೆಕ್ಕಕ್ಕೆ ಸರಿಯಾಗಿ. ಐದೂ ಮುಚ್ಚದೆ ಬಿಟ್ಟವು.

ಸಾರ್‌ಗೆ ನೀರಿನ ಟ್ಯಾಂಕಿನ ಹತ್ತಿರದಿಂದ ಫೋನ್ ಮಾಡಿದೆ. ಅವರ ಧ್ವನಿಯಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ಕಿವಿಗೊಟ್ಟೆ, ಏನೂ ಬದಲಾಗಲಿಲ್ಲ. "ಕಾಡುಹಂದಿ ಇರಬೇಕು ನೋಡಿ. ನಕ್ಷೆ ಎಷ್ಟೋ ಜನರಿಗೆ ಹೋಗಿದೆ, ಆದರೆ ಅವರೆಲ್ಲ ಒಳ್ಳೆಯವರೇ."

ಗುಂಡಿಯ ಗೋಡೆಯಲ್ಲಿ ಹಾರೆಯ ಚೂಪಾದ ಗುರುತುಗಳು ಸಾಲಾಗಿದ್ದವು. ಹಂದಿ ಹಾರೆ ಹಿಡಿಯುವುದಿಲ್ಲ ಎಂದು ಹೇಳದೆ ಫೋನ್ ಇಟ್ಟೆ.

"ಯಾರ್ಯಾರು ನೋಡಿದ್ರು ನಿನ್ನ ಪುಟಗಳ್ನ?" ಎಂದು ಅಜ್ಜಿ ಕೇಳಿದಳು.

"ಸಾರ್. ಟೈಪ್ ಮಾಡಿದವರು. ಆಮೇಲೆ ಎಷ್ಟೋ ಜನ ಅಂತಾರೆ. ಅಷ್ಟು ಲೆಕ್ಕ ನನ್ನ ಹತ್ರ ಇಲ್ಲ."

"ನೀನು ಲೆಕ್ಕ ಇಲ್ಲ ಅಂದದ್ದು ಇದೇ ಮೊದ್ಲು ಕಣ," ಎಂದಳು ಚಿಕ್ಕವ್ವ.

ಮರುದಿನ ಮತ್ತೆ ಅಲ್ಲಿಗೆ ಹೋದಾಗ ಅಜ್ಜಿ ಗುಂಡಿಯ ಅಂಚಿನಲ್ಲಿ ಕೂತು ಕೈಯಿಂದ ಮಣ್ಣು ಎಳೆಯತೊಡಗಿದಳು. ಅಲ್ಲಿ ಯಾವ ಗೆಣಸೂ ಇರಲಿಲ್ಲ, ಹೂಳಲು ಯಾವ ತಲೆಯೂ ಇರಲಿಲ್ಲ. ಖಾಲಿ ಗುಂಡಿಯನ್ನು ಯಾಕೆ ಮುಚ್ಚಬೇಕು ಎಂದೆ. ಅವಳು ನನ್ನ ಕಾಲನ್ನು ಹಿಡಿದು ಮಣ್ಣಿನ ಮೇಲೆ ಇಟ್ಟಳು. "ಅದುಮು. ಗುಂಡಿ ಬುಟ್ಟು ಬಂದೋರ್ನ ನಾವು ಜೊತೇಲಿ ಕರ್ಕೊಂಡು ಓಗ್ತೀವಾ?"

ಐದನ್ನೂ ಮುಚ್ಚಲು ಎರಡು ದಿನ ಹಿಡಿಯಿತು. ಅರ್ಜಿಯಲ್ಲಿ ಇಡೀ ಗುಡ್ಡವೆಂದೇ ಬರೆದು ಕೊಟ್ಟೆವು, ಉತ್ತರ ಇನ್ನೂ ಬಂದಿಲ್ಲ. ಯಾರು ಅಗೆದರು ಎಂಬ ಪುಟ ನನ್ನ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಲ್ಲಿದೆ, ಕೆಲವು ಹೆಸರುಗಳನ್ನು ಅಳಿಸಿ ಮತ್ತೆ ಬರೆದಿದ್ದೇನೆ.

ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮೂರನೆಯ ದಿನ, ಬೆಳಿಗ್ಗೆ, ಅಜ್ಜಿ ಬಾಗಿಲಲ್ಲಿ ನಿಂತು ಕರೆದಳು. ಕೈಯಲ್ಲಿ ಅಗೆಯುವ ಕೋಲು ಇರಲಿಲ್ಲ, ಅಗೆಯುವ ಕಾಲವೂ ಅಲ್ಲ. ಚಿಗುರು ಬಂತೇ ಎಂದು ನೋಡಿ ಬರಲು. ನಾನು ಅಭ್ಯಾಸದಂತೆ ನೋಟ್‌ಬುಕ್ ಎತ್ತಿಕೊಂಡೆ. ಅಜ್ಜಿ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಅದನ್ನು ರಾಗಿ ಡಬ್ಬದ ಮೇಲಿಟ್ಟೆ, ಪೆನ್ನನ್ನೂ ಇಟ್ಟೆ. ಆಮೇಲೆ ಅವಳು ನನ್ನ ಇನ್ನೊಂದು ಕೈಯನ್ನೂ ನೋಡಿದಳು. ಫೋನನ್ನೂ ಅಲ್ಲೇ ಇಟ್ಟು ಹೊರಟೆ.

ಆ ದಿನದ ಪುಟದಲ್ಲಿ ತಾರೀಖು ಇದೆ, ಚಿಗುರಿದ ತಲೆಗಳ ಸಂಖ್ಯೆ ಇದೆ: ಇಪ್ಪತ್ತಮೂರು. ಎಲ್ಲಿ ಎಂಬುದು ಇಲ್ಲ, ಮಣ್ಣಿನ ಬಣ್ಣವನ್ನೂ ನಾನು ಬರೆದಿಲ್ಲ.